ಹದಿನಾರಕ್ಕೆ ಹಲವು ಉತ್ತರ

ಡೊಂಬಿವಲಿಯ ಕನ್ನಡ ಮನೆಯೊಂದರ ಹುಡುಗಿಯನ್ನು ‘ನೀನು ಯಾರಮ್ಮ?’ ಎಂದು ಕೇಳಿ ನೋಡಿ. ಅವಳು ಮೊದಲು ಗಮನಿಸುವುದು ಕೇಳಿದವರ ಮುಖವನ್ನು. ಊರಿನ ಹಿರಿಯರು ಕೇಳಿದರೆ ಮನೆತನದ ಹೆಸರು ಹೇಳುತ್ತಾಳೆ. ಮೆಟ್ಟಿಲಲ್ಲಿ ಸಿಕ್ಕ ಮರಾಠಿ ಕಾಕು ಕೇಳಿದರೆ ಮಹಡಿಯ ಲೆಕ್ಕ ಹೇಳುತ್ತಾಳೆ. ಕ್ಲಾಸಿನ ಗೆಳತಿಯರಿಗೆ ಶಾಲೆಯ ಹೆಸರು, ಡಿವಿಷನ್. ಬೆಂಗಳೂರಿನ ನೆಂಟರಿಗೆ ಅವಳು ಮುಂಬಯಿಯವಳು, ದಾದರಿನವರಿಗೆ ಡೊಂಬಿವಲಿಯವಳು, ಡೊಂಬಿವಲಿಯವರಿಗೆ ಸೌತ್ ಇಂಡಿಯನ್. ಇಷ್ಟು ಉತ್ತರಗಳಲ್ಲಿ ಒಂದೂ ಸುಳ್ಳಲ್ಲ. ಆದರೆ ಇವೆಲ್ಲ ಬೇರೆಯವರು ಕೇಳಿದ್ದಕ್ಕೆ ಕೊಟ್ಟ ಉತ್ತರಗಳು. ಅದೇ ಪ್ರಶ್ನೆಯನ್ನು ಮನುಷ್ಯ ತನಗೆ ತಾನೇ ಮೊದಲ ಸಲ ಕೇಳಿಕೊಳ್ಳುವ ವಯಸ್ಸು ಹದಿಹರೆಯ. ಆ ವಯಸ್ಸಿಗೆ ನಾವು ಹಿರಿಯರು ಏನು ಕೊಡಬೇಕು, ಏನನ್ನು ಅವಸರದಲ್ಲಿ ಕೇಳಬಾರದು ಎಂಬುದು ಹಲವು ವರ್ಷಗಳಿಂದ ನನ್ನ ಮನಸ್ಸನ್ನು ಕಾಡುತ್ತಿರುವ ವಿಷಯ.

ನಾನು ಬೆಳೆದದ್ದು ಡೊಂಬಿವಲಿ ಪೂರ್ವದಲ್ಲಿ. ಅಪ್ಪ ಅಮ್ಮ ಕುಂದಾಪುರದ ಕಡೆಯವರು. ಮುಂಬಯಿಯ ಕೋಟೆ ಭಾಗದಲ್ಲಿ ದುಡಿಯುತ್ತಿದ್ದ ಎಷ್ಟೋ ಕನ್ನಡ, ತುಳು ಕುಟುಂಬಗಳಂತೆ ನಮ್ಮವರೂ ಬಾಡಿಗೆಗೆ, ಆಮೇಲೆ ಸ್ವಂತಕ್ಕೆ, ಕೈಗೆಟಕುವ ಒಂದು ಖೋಲಿ ಹುಡುಕುತ್ತ ಸೆಂಟ್ರಲ್ ರೈಲಿನ ಹಳಿ ಹಿಡಿದು ಇಲ್ಲಿಗೆ ಬಂದವರು. ಮನೆಯೊಳಗೆ ಕುಂದಾಪುರದ ಕನ್ನಡ, ಬಾಗಿಲಾಚೆ ಮರಾಠಿ, ರೈಲಿನಲ್ಲಿ ಹಿಂದಿ, ಪುಸ್ತಕದಲ್ಲಿ ಇಂಗ್ಲಿಷು. ಕೊಂಕಣ ರೈಲು ಪೂರ್ತಿ ಓಡತೊಡಗಿದ್ದು 1998ರಲ್ಲಿ. ಅದಕ್ಕೆ ಮೊದಲು ಬೇಸಿಗೆ ರಜೆಯಲ್ಲಿ ಊರಿಗೆ ರಾತ್ರಿ ಬಸ್ಸೇ ಗತಿ. ಊರಲ್ಲಿ ಇಳಿದೊಡನೆ ‘ಬೊಂಬಾಯಿ ಮಕ್ಳ್ ಬಂದ್ರ್ ಕಾಣಿ’ ಎಂಬ ಸ್ವಾಗತ. ಅದರಲ್ಲಿ ಪ್ರೀತಿಯೂ ಇತ್ತು, ನೀವು ಇಲ್ಲಿಯವರಲ್ಲ ಎಂಬ ಸಣ್ಣ ಗೆರೆಯೂ ಇತ್ತು. ಜೂನಿನಲ್ಲಿ ಶಾಲೆಗೆ ಮರಳಿದರೆ ಅಲ್ಲಿ ‘ಮದ್ರಾಸಿ’. ಹತ್ತು ವರ್ಷದ ತನಕ ಇದು ಆಟದ ಮಾತು. ಹದಿನಾಲ್ಕರಲ್ಲಿ ಅದೇ ಮಾತು ಒಳಗೆ ಇಳಿಯುತ್ತದೆ. ಎರಡೂ ಕಡೆಯವರು ನನ್ನನ್ನು ಇನ್ನೊಂದು ಕಡೆಗೆ ಸೇರಿಸಿದರೆ ನನ್ನ ಕಡೆ ಯಾವುದು?

ಇದೇ ಇಕ್ಕಟ್ಟನ್ನು ಬಾಲ್ಯದಲ್ಲಿ ಉಂಡು, ಮುಂದೆ ಅದರ ಮೇಲೇ ಇಡೀ ಒಂದು ಚಿಂತನೆಯನ್ನು ಕಟ್ಟಿದವನು ಎರಿಕ್ ಎರಿಕ್‌ಸನ್. 1902ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಹುಟ್ಟಿದ ಆತನಿಗೆ ಹೆತ್ತ ತಂದೆ ಯಾರೆಂಬುದು ಕೊನೆಯವರೆಗೂ ತಿಳಿಯಲಿಲ್ಲ. ತಾಯಿ ಡೆನ್ಮಾರ್ಕಿನ ಯಹೂದಿ, ಸಾಕಿದ ತಂದೆ ಯಹೂದಿ ವೈದ್ಯ. ಹುಡುಗನ ಕೂದಲು ಹೊಂಬಣ್ಣ, ಕಣ್ಣು ನೀಲಿ, ಮೈಕಟ್ಟು ಎತ್ತರ. ಯಹೂದಿ ಪ್ರಾರ್ಥನಾ ಮಂದಿರದಲ್ಲಿ ಅವನು ಹೊರಗಿನವನಂತೆ ಕಂಡ. ಶಾಲೆಯಲ್ಲಿ ಯಹೂದಿ ಎಂದು ಅವನನ್ನು ಹಂಗಿಸಿದರು. ಶಾಲೆ ಮುಗಿದ ಮೇಲೆ ಕಾಲೇಜು ಸೇರದೆ ಚಿತ್ರ ಬರೆಯುತ್ತ ಕೆಲವು ವರ್ಷ ಯುರೋಪಿನಲ್ಲಿ ಅಲೆದ. 1927ರಲ್ಲಿ ವಿಯೆನ್ನಾದ ಪುಟ್ಟ ಶಾಲೆಯೊಂದರಲ್ಲಿ ಪಾಠ ಹೇಳಲು ಹೋದಾಗ ಮನೋವಿಶ್ಲೇಷಕಿ ಆನಾ ಫ್ರಾಯ್ಡ್ ಬಳಗದ ಪರಿಚಯವಾಗಿ ಅವನಿಗೆ ತನ್ನ ದಾರಿ ಕಂಡಿತು. 1939ರಲ್ಲಿ ಅಮೆರಿಕದ ಪ್ರಜೆಯಾದಾಗ ಎರಿಕ್‌ಸನ್ ಎಂಬ ಅಡ್ಡಹೆಸರನ್ನು ತಾನೇ ಆರಿಸಿಕೊಂಡ. ಹದಿಹರೆಯದ ಮುಖ್ಯ ಕೆಲಸವೇ ‘ನಾನು ಯಾರು’ ಎಂಬುದನ್ನು ಕಟ್ಟಿಕೊಳ್ಳುವುದು, ಅದಕ್ಕೆ ಸಮಾಜ ಮಕ್ಕಳಿಗೆ ಒಂದಿಷ್ಟು ವಾಯಿದೆ ಕೊಡಬೇಕು ಎಂದು ಅವನು ವಾದಿಸಿದ. ಬಗೆಬಗೆಯ ಪಾತ್ರಗಳನ್ನು ಹೊಕ್ಕು ನೋಡುವ, ಬೇಡವೆನಿಸಿದರೆ ಹೊರಬರುವ, ತಪ್ಪಿದರೂ ಬದುಕು ಮುಳುಗದ ಒಂದು ಅವಧಿ ಅದು. ಇದೇ ಎರಿಕ್‌ಸನ್ ಮುಂದೆ ನಮ್ಮ ಅಹಮದಾಬಾದಿಗೆ ಬಂದು, 1918ರ ಗಿರಣಿ ಮುಷ್ಕರದ ಸುತ್ತ ಗಾಂಧೀಜಿಯವರ ವ್ಯಕ್ತಿತ್ವ ಹೇಗೆ ರೂಪುಗೊಂಡಿತೆಂದು ಒಂದು ದೊಡ್ಡ ಪುಸ್ತಕ ಬರೆದ.

ಈ ವಾಯಿದೆ ನಮ್ಮ ಮಕ್ಕಳಿಗೆ ಎಲ್ಲಿ ಸಿಗುತ್ತದೆ? ಒಂದು ಕೋಣೆ, ಒಂದು ಅಡುಗೆಮನೆಯ ಸಂಸಾರದಲ್ಲಿ ಬಾಗಿಲು ಹಾಕಿಕೊಂಡು ಕೂರುವ ಮಾತಿಲ್ಲ. ಅಳಬೇಕೆಂದರೆ ಬಚ್ಚಲು, ಓದಬೇಕೆಂದರೆ ಮೆಟ್ಟಿಲು, ಗೆಳತಿಯ ಜೊತೆ ಮನಬಿಚ್ಚಬೇಕೆಂದರೆ ಟೆರೇಸು. ಆದ್ದರಿಂದ ಈ ಸೀಮೆಯ ಹರೆಯ ಹೊರಗೇ ಬೆಳೆಯುತ್ತದೆ. ಹತ್ತನೆಯದು ಮುಗಿಸಿ ಕಲ್ಯಾಣ್‌ನ ಬಿರ್ಲಾ ಕಾಲೇಜಿಗೋ ಥಾಣೆಯ ಬಾಂದೋಡ್ಕರ್ ಕಾಲೇಜಿಗೋ ಹೊರಟ ಮಕ್ಕಳಿಗೆ ಲೋಕಲ್ ರೈಲೇ ಮೊದಲ ಸ್ವಾತಂತ್ರ್ಯ. 2004ರಲ್ಲಿ ಥಾಣೆಯಿಂದ ವಾಶಿಗೆ ನೇರ ಗಾಡಿ ಶುರುವಾದ ಮೇಲೆ ನವಿಮುಂಬಯಿಯೂ ಆ ಸ್ವಾತಂತ್ರ್ಯದ ಸುತ್ತಳತೆಗೆ ಸೇರಿತು. ಗಾಡಿಯ ನೂಕುನುಗ್ಗಲಲ್ಲಿ ಯಾರ ಮಗಳು, ಯಾವ ಜಾತಿ ಎಂದು ಯಾರೂ ವಿಚಾರಿಸುವುದಿಲ್ಲ. ತಾಯಿಯ ಕಣ್ಣಳತೆಯಿಂದ ದೂರ, ಅಪರಿಚಿತರ ನಡುವೆ ನಿಂತಾಗಲೇ ಹುಡುಗಿಯೊಬ್ಬಳಿಗೆ ತನ್ನ ಧೈರ್ಯ ಎಷ್ಟು, ಅಂಜಿಕೆ ಎಷ್ಟು ಎಂಬುದು ತಿಳಿಯುತ್ತದೆ.

ದೀಪಾವಳಿಯ ಬೆಳಗ್ಗೆ ಡೊಂಬಿವಲಿಯ ಫಡ್ಕೆ ರೋಡಿಗೆ ಹೋದವರಿಗೆ ನಾನು ಹೇಳುವುದು ಇನ್ನಷ್ಟು ಸ್ಪಷ್ಟವಾದೀತು. ಅಭ್ಯಂಗ ಮುಗಿಸಿ, ಹೊಸ ಬಟ್ಟೆ ತೊಟ್ಟು, ಗಣೇಶ ಮಂದಿರಕ್ಕೆ ಕೈಮುಗಿದು, ಇಡೀ ಊರಿನ ಯುವಕ ಯುವತಿಯರು ಆ ಒಂದು ರಸ್ತೆಯಲ್ಲಿ ನೆರೆಯುತ್ತಾರೆ. ನಿನ್ನೆಯವರೆಗೆ ಸಮವಸ್ತ್ರದಲ್ಲಿದ್ದ ಹುಡುಗಿ ಸೀರೆಯುಟ್ಟು ಬಂದಿರುತ್ತಾಳೆ, ಮಾತೇ ಆಡದ ಹುಡುಗ ಕುರ್ತಾ ಹಾಕಿ ಹತ್ತು ಜನರ ನಡುವೆ ನಗುತ್ತಿರುತ್ತಾನೆ. ಹಿರಿಯರಿಗೆ ಇದು ಬರೀ ಷೋಕಿಯಾಗಿ ಕಾಣಬಹುದು. ನನಗೆ ಹಾಗೆ ಕಾಣುವುದಿಲ್ಲ. ಮಕ್ಕಳು ಅಲ್ಲಿ ತಮ್ಮ ಒಂದೊಂದು ರೂಪವನ್ನು ಊರಿಗೆ ತೋರಿಸಿ, ಊರಿನ ಕಣ್ಣಲ್ಲಿ ಅದು ಹೇಗಿದೆಯೆಂದು ನೋಡಿಕೊಳ್ಳುತ್ತಿರುತ್ತಾರೆ. ಬಟ್ಟೆ, ಕೂದಲು, ಸಹಿ, ನಗುವ ರೀತಿ, ಎಲ್ಲವನ್ನೂ ಬದಲಿಸಿ ಬದಲಿಸಿ ನೋಡುವುದು ಚಪಲವಲ್ಲ, ಅಭ್ಯಾಸ. ಮುಂದಿನದನ್ನು ತೂಗಿ ನೋಡುವ, ಆವೇಗವನ್ನು ತಡೆಯುವ ಮೆದುಳಿನ ಮುಂಭಾಗ ಇಪ್ಪತ್ತೈದರ ಆಸುಪಾಸಿನವರೆಗೂ ಬೆಳೆಯುತ್ತಲೇ ಇರುತ್ತದೆ ಎಂದು ವಿಜ್ಞಾನ ಹೇಳುತ್ತದೆ. ಅಷ್ಟು ನಿಧಾನವಾಗಿ ಬಲಿಯುವ ಮನಸ್ಸಿಗೆ ಹದಿನಾರರಲ್ಲೇ ಕೊನೆಯ ಮುದ್ರೆ ಒತ್ತುವುದು ನ್ಯಾಯವಲ್ಲ.

ಆದರೆ ನಾವು ಒತ್ತುವುದು ಅಲ್ಲೇ. ಎಸ್ಸೆಸ್ಸಿ ಫಲಿತಾಂಶದ ದಿನ ‘ಮಗ ಸೈನ್ಸಾ, ಕಾಮರ್ಸಾ?’ ಎಂಬ ಪ್ರಶ್ನೆಗೆ ಸಂಜೆಯೊಳಗೆ ಉತ್ತರ ಸಿದ್ಧವಿರಬೇಕು. 2016ರಲ್ಲಿ ಮಹಾರಾಷ್ಟ್ರ ಸರ್ಕಾರ ಹತ್ತನೆಯ ತರಗತಿಯ ಮಕ್ಕಳಿಗೆ ‘ಕಲ ಚಾಚಣಿ’ ಎಂಬ ಒಲವಿನ ಪರೀಕ್ಷೆಯನ್ನು ತಂದಿತು. ಅಂಕದಾಚೆಗೂ ಮಗುವಿಗೆ ಒಂದು ಮನಸ್ಸಿದೆ ಎಂದು ಸರ್ಕಾರವೇ ಒಪ್ಪಿಕೊಂಡದ್ದು ಒಳ್ಳೆಯದೇ. ಆದರೆ ಮಗು ತಾನು ಕಂಡ ಲೋಕದೊಳಗಿಂದಲೇ ಉತ್ತರಿಸಬೇಕಷ್ಟೆ? ಮನೆ, ಶಾಲೆ, ಕೋಚಿಂಗ್ ಕ್ಲಾಸು ಬಿಟ್ಟು ಬೇರೇನೂ ಕಾಣದ ಹುಡುಗನ ಒಲವು ಎಲ್ಲಿಂದ ಹುಟ್ಟೀತು? ಒಲವನ್ನು ಅಳೆಯುವ ಮೊದಲು ಒಲಿಯಲು ನಾಲ್ಕು ಸಂಗತಿಗಳನ್ನು ತೋರಿಸಬೇಕು.

1966ರಲ್ಲಿ ಜೇಮ್ಸ್ ಮಾರ್ಷಾ ಎಂಬ ಮನಶ್ಶಾಸ್ತ್ರಜ್ಞ ಎರಿಕ್‌ಸನ್ನನ ವಿಚಾರವನ್ನು ಎರಡು ಸರಳ ಪ್ರಶ್ನೆಗಳಿಗೆ ಇಳಿಸಿದ. ಈ ಯುವಕ ಹುಡುಕಿದ್ದಾನೆಯೇ? ಏನನ್ನಾದರೂ ತನ್ನದೆಂದು ಹಿಡಿದಿದ್ದಾನೆಯೇ? ಹುಡುಕಿ ಹಿಡಿದವರಿದ್ದಾರೆ, ಇನ್ನೂ ಹುಡುಕುತ್ತಿರುವವರಿದ್ದಾರೆ, ಹುಡುಕದೆ ಹಿಡಿಯದೆ ತೇಲುವವರಿದ್ದಾರೆ. ನಾಲ್ಕನೆಯವರು ಹುಡುಕದೆಯೇ ಹಿಡಿದವರು, ಅಪ್ಪ ಕೊಟ್ಟದ್ದನ್ನು ಹಾಗೆಯೇ ತೊಟ್ಟವರು. ನಮ್ಮ ಮನೆಗಳಲ್ಲಿ ಹೊಗಳಿಕೆ ಸಿಗುವುದು ಈ ನಾಲ್ಕನೆಯವರಿಗೆ. ‘ಹೇಳಿದ ಮಾತು ಮೀರದ ಹುಡುಗ’ ಎನ್ನುತ್ತೇವೆ. ಆದರೆ ಹದಿನಾರರಲ್ಲಿ ಕೇಳದೆ ಬಿಟ್ಟ ಪ್ರಶ್ನೆ ಸಾಯುವುದಿಲ್ಲ. ಯಶವಂತ ಚಿತ್ತಾಲರ ‘ಶಿಕಾರಿ’ಯ ನಾಗಪ್ಪನನ್ನು ನೆನೆಯಿರಿ. ಮುಂಬಯಿಯ ದೊಡ್ಡ ಕಂಪನಿಯಲ್ಲಿ ನೆಲೆಗೊಂಡ ಮೇಲೆ, ಕೆಲಸಕ್ಕೇ ಸಂಚಕಾರ ಬಂದ ಹೊತ್ತಿನಲ್ಲಿ, ಅವನು ತನ್ನ ಬದುಕಿನ ಬೇರುಗಳನ್ನೆಲ್ಲ ಕಿತ್ತು ನೋಡಬೇಕಾಗುತ್ತದೆ. 1979ರಲ್ಲಿ ಬಂದ ಆ ಕಾದಂಬರಿಯನ್ನು ಓದಿದಾಗಲೆಲ್ಲ ನನಗೆ ಅನ್ನಿಸುವುದು, ಈ ಪ್ರಶ್ನೆಯನ್ನು ತಡವಾಗಿ ಕೇಳಿಕೊಂಡಷ್ಟೂ ತೆರಬೇಕಾದ ಬೆಲೆ ಹೆಚ್ಚು.

ವಾಯಿದೆಯೇ ಸಿಗದ ಹರೆಯದ ಮಾತು ಬಂದಾಗ ಕಲ್ಯಾಣ್‌ನ ಯಮುನೆಯನ್ನು ಮರೆಯಲಾಗದು. 1865ರ ಮಾರ್ಚ್ 31ರಂದು ಹುಟ್ಟಿದ ಈ ಹುಡುಗಿಗೆ ಒಂಬತ್ತನೆಯ ವಯಸ್ಸಿಗೆ ಮದುವೆ. ಗಂಡ ಗೋಪಾಲರಾವ್ ಜೋಶಿ ಅಂಚೆ ಇಲಾಖೆಯ ನೌಕರ, ಅವಳಿಗಿಂತ ಸುಮಾರು ಇಪ್ಪತ್ತು ವರ್ಷ ದೊಡ್ಡವರು. ಮದುವೆಯಲ್ಲಿ ಹೆಸರೂ ಬದಲಾಯಿತು, ಯಮುನೆ ಆನಂದಿಯಾದಳು. ಹದಿನಾಲ್ಕರಲ್ಲಿ ತಾಯಿಯಾದಳು, ಕೂಸು ಹತ್ತೇ ದಿನ ಬದುಕಿತು. ಸರಿಯಾದ ಚಿಕಿತ್ಸೆ ಸಿಕ್ಕಿದ್ದರೆ ಉಳಿಯುತ್ತಿತ್ತೇ ಎಂಬ ಸಂಕಟದಿಂದ ವೈದ್ಯಳಾಗಬೇಕೆಂಬ ಹಂಬಲ ಮೊಳೆಯಿತು. 1883ರಲ್ಲಿ ಬಂಗಾಳದ ಸೆರಾಂಪುರದಲ್ಲಿ ಸಾರ್ವಜನಿಕ ಸಭೆಯ ಮುಂದೆ ನಿಂತು, ತಾನೇಕೆ ಅಮೆರಿಕಕ್ಕೆ ಹೋಗುತ್ತಿದ್ದೇನೆ ಎಂಬುದನ್ನು ಆಕೆ ಸ್ವತಃ ವಿವರಿಸಿದಳು. ಆಗ ಅವಳಿಗೆ ಹದಿನೇಳು. ಹಿಂದೂವಾಗಿಯೇ ಹೋಗಿ ಹಿಂದೂವಾಗಿಯೇ ಮರಳುವೆನೆಂದಳು, ಡಾಕ್ಟರೂ ಆಗುವೆನೆಂದಳು. ಒಂದಕ್ಕಾಗಿ ಇನ್ನೊಂದನ್ನು ಬಿಡು ಎಂದು ಎರಡೂ ಕಡೆಯಿಂದ ಒತ್ತಾಯವಿದ್ದಾಗ, ಎರಡನ್ನೂ ತನ್ನದೆಂದು ಹೇಳುವ ಸ್ಪಷ್ಟತೆ ಆ ವಯಸ್ಸಿಗೆ ಬಂದಿತ್ತು. 1886ರಲ್ಲಿ ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಿಂದ ಪದವಿ ಪಡೆದು ಮರಳಿದ ಆನಂದಿಬಾಯಿ 1887ರ ಫೆಬ್ರವರಿಯಲ್ಲಿ ಕ್ಷಯದಿಂದ ತೀರಿಕೊಂಡರು. ಇಪ್ಪತ್ತೆರಡು ತುಂಬಿರಲಿಲ್ಲ.

ಆನಂದಿಬಾಯಿಯವರ ಕಥೆಯನ್ನು ಗಂಡನ ಕಠಿಣ ಶಿಸ್ತಿಗೆ ಸಂದ ಜಯವೆಂದು ಮಕ್ಕಳ ಮುಂದೆ ಹೇಳುವವರುಂಟು. ಓದದೆ ಅಡುಗೆಮನೆಯಲ್ಲಿ ಸಿಕ್ಕಿದರೆ ಹೊಡೆಯುತ್ತಿದ್ದ ಗಂಡ ಆಕೆಯನ್ನು ಓದಿಸಿದ್ದು ನಿಜ. ಆದರೆ ಆಕೆಗೆ ದಾರಿ ತೋರಿದ್ದು ಹೊಡೆತವಲ್ಲ. ತನ್ನದೇ ನೋವನ್ನು ತಾನು ಅರಿತದ್ದು. ಎಷ್ಟೋ ಹುಡುಗಿಯರು ಅದೇ ನೋವುಂಡು ಮೌನವಾಗಿ ಉಳಿದ ಕಾಲದಲ್ಲಿ, ನನಗೆ ಆದದ್ದು ಏನು, ಅದು ನನ್ನಿಂದ ಏನನ್ನು ಕೇಳುತ್ತಿದೆ ಎಂದು ಈಕೆ ಯೋಚಿಸಿದಳು. ತನ್ನನ್ನು ಅರಿಯುವುದೆಂದರೆ ಇದೇ ಎಂದು ನನ್ನ ನಂಬಿಕೆ. ಕನ್ನಡಿಯ ಮುಂದೆ ಕುಳಿತು ಪಡೆಯುವ ಜ್ಞಾನ ಇದಲ್ಲ. ಬದುಕಿ, ಬದುಕಿದ್ದನ್ನು ತಿರುಗಿ ನೋಡಿ ಪಡೆಯುವಂಥದ್ದು.

ಹಾಗೆ ತಿರುಗಿ ನೋಡಲು ಜೊತೆಗೊಬ್ಬರು ಬೇಕು. ಥಾಣೆಯಲ್ಲಿ ಮನೋವೈದ್ಯ ಡಾ. ಆನಂದ ನಾಡಕರ್ಣಿ 1990ರಲ್ಲಿ ಇನ್‌ಸ್ಟಿಟ್ಯೂಟ್ ಫಾರ್ ಸೈಕಲಾಜಿಕಲ್ ಹೆಲ್ತ್ ಸಂಸ್ಥೆಯನ್ನು ಆರಂಭಿಸಿದರು. ಅದರ ‘ವೇಧ್’ ಎಂಬ ಕಾರ್ಯಕ್ರಮದಲ್ಲಿ ಬಗೆಬಗೆಯ ಕೆಲಸಗಳಲ್ಲಿ ತೊಡಗಿದವರನ್ನು ವೇದಿಕೆಗೆ ಕರೆದು, ಅವರು ತಮ್ಮ ದಾರಿಯನ್ನು ಹೇಗೆ ಕಂಡುಕೊಂಡರು ಎಂದು ಹದಿಹರೆಯದ ಮಕ್ಕಳ ಮುಂದೆ ಮಾತನಾಡಿಸುತ್ತಾರೆ. ಮಕ್ಕಳಿಗೆ ಬೇಕಾದ್ದು ಇಂಥದ್ದು: ಉಪದೇಶವಿಲ್ಲದೆ, ಬದುಕುವ ಹತ್ತು ಬಗೆಗಳನ್ನು ಕಣ್ಣಾರೆ ಕಾಣುವ ಅವಕಾಶ. ನಮ್ಮ ಕನ್ನಡದವರೂ ಇದನ್ನು ಬೇರೊಂದು ರೀತಿಯಲ್ಲಿ ಮಾಡಿದ್ದಾರೆ. ಹನ್ನೆರಡು ಹದಿಮೂರಕ್ಕೇ ಊರು ಬಿಟ್ಟು ಹೋಟೆಲಲ್ಲಿ ಲೋಟ ತೊಳೆಯಲು ಬಂದ ಹುಡುಗರಿಗೆ ಮುಂಬಯಿಯ ಕನ್ನಡ ರಾತ್ರಿ ಶಾಲೆಗಳು ‘ನೀನು ಹೋಟೆಲ್ ಮಾಣಿ ಮಾತ್ರವಲ್ಲ’ ಎಂದು ಹೇಳಿದವು. ಅದೇ ಹುಡುಗರು ಮುಂದೆ ವಕೀಲರಾದರು, ಬರಹಗಾರರಾದರು, ಸಂಘ ಕಟ್ಟಿದರು. ಡೊಂಬಿವಲಿ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯವನ್ನು ನಡೆಸುತ್ತಿರುವುದು ಆ ಪರಂಪರೆಯ ಮುಂದುವರಿಕೆಯೇ.

ಇಂದು ನೇರುಳ್, ಕಲ್ಯಾಣ್, ಥಾಣೆಗಳಲ್ಲಿ ಚೆಂಡೆಯ ಪೆಟ್ಟಿಗೆ ಯಕ್ಷಗಾನದ ಹೆಜ್ಜೆ ಕಲಿಯುವ ಹುಡುಗರು ಗೋಕುಲಾಷ್ಟಮಿಗೆ ಮೊಸರುಕುಡಿಕೆಯ ಗೋವಿಂದಾ ತಂಡದಲ್ಲಿ ಹೆಗಲು ಕೊಟ್ಟು ನಿಲ್ಲುವುದನ್ನು ನೋಡಿದ್ದೇನೆ. ‘ಮರಾಠಿ ಹುಡುಗರ ಜೊತೆ ಸೇರಿ ಕನ್ನಡ ಮರೆತ’ ಎಂದು ಕೆಲವರು ಮರುಗುತ್ತಾರೆ, ‘ಇಲ್ಲಿ ಹುಟ್ಟಿ ಇನ್ನೂ ಊರಿನ ಕುಣಿತವೇ?’ ಎಂದು ಇನ್ನು ಕೆಲವರು ಕೇಳುತ್ತಾರೆ. ಇಬ್ಬರೂ ಆ ಹುಡುಗನಿಂದ ಅರ್ಧವನ್ನು ಕಿತ್ತುಕೊಳ್ಳುತ್ತಿದ್ದಾರೆ. ಹಲವು ನದಿಗಳ ನೀರು ಸೇರಿದ ಖಾಡಿಯಂತೆ ಅವನು; ಬೇರ್ಪಡಿಸಹೊರಟರೆ ಉಳಿಯುವುದೇನೂ ಇಲ್ಲ. ಇನ್ನೊಂದೆಡೆ ಕಲಬುರಗಿ, ವಿಜಯಪುರದ ಕಡೆಯಿಂದ ಗುಳೆ ಬಂದು, ನವಿಮುಂಬಯಿಯ ಹೊಸ ಗೋಪುರಗಳ ಬುಡದಲ್ಲಿ ತಗಡಿನ ಜೋಪಡಿಯಲ್ಲಿ ಬೆಳೆಯುವ ಕನ್ನಡದ ಮಕ್ಕಳೂ ಇದ್ದಾರೆ. ತಮ್ಮನನ್ನು ಎತ್ತಿಕೊಂಡು ಅಡುಗೆ ಮಾಡುವ ಹದಿಮೂರರ ಹುಡುಗಿಗೆ ‘ನಾನು ಯಾರು’ ಎಂದು ಕೇಳಿಕೊಳ್ಳುವ ಪುರುಸೊತ್ತೇ ಇಲ್ಲ. ಸಂಘಗಳ ಬಾಗಿಲು ಮೊದಲು ತೆರೆಯಬೇಕಾದ್ದು ಅವಳಿಗೆ.

ತಂದೆತಾಯಿಯರಲ್ಲಿ ನನ್ನ ಕೋರಿಕೆ ಇಷ್ಟೇ. ಹದಿನಾರರ ಮಗುವಿನಿಂದ ಒಂದೇ ಉತ್ತರ ಕೇಳಬೇಡಿ. ಅದು ಇವತ್ತು ಚಿತ್ರಕಾರನಾಗುತ್ತೇನೆ ಎಂದು, ಮುಂದಿನ ವರ್ಷ ಬ್ಯಾಂಕಿನ ಪರೀಕ್ಷೆ ಬರೆಯುತ್ತೇನೆ ಎಂದರೆ ಚಂಚಲ ಎನ್ನಬೇಡಿ. ಊರಿಗೂ ಕರೆದೊಯ್ಯಿರಿ, ಮರಾಠಿ ನಾಟಕಕ್ಕೂ ಕಳುಹಿಸಿ. ಬಾಗಿಲು ಮುಚ್ಚಲು ಜಾಗವಿಲ್ಲದ ಮನೆಯಲ್ಲಿ ಅದರ ಡೈರಿಯನ್ನಾದರೂ ಮುಟ್ಟದೆ ಬಿಡಿ. ಮಗು ತೀರಾ ಮಂಕಾಗಿದ್ದರೆ, ಊಟ ನಿದ್ದೆ ಬಿಟ್ಟಿದ್ದರೆ, ಅದನ್ನು ವಯಸ್ಸಿನ ಗುಣವೆಂದು ತಳ್ಳಿಹಾಕದೆ ಬಲ್ಲವರ ಬಳಿಗೆ ಕರೆದೊಯ್ಯಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಲು ಹಣ ಬೇಕಿಲ್ಲ. ಹರೆಯದ ಮಕ್ಕಳಿಗೂ ಒಂದು ಮಾತು: ನಿಮ್ಮ ಬಳಿ ಹಲವು ಉತ್ತರಗಳಿರುವುದು ನಿಮ್ಮ ಗೊಂದಲವಲ್ಲ, ನಿಮ್ಮ ಆಸ್ತಿ. ಯಾವುದನ್ನೂ ನಾಚಿಕೆಯಿಂದ ಬಿಸಾಡಬೇಡಿ, ಯಾರ ಹೆದರಿಕೆಗೂ ಒಂದನ್ನೇ ಹಿಡಿಯಬೇಡಿ. ಸಮಯ ತೆಗೆದುಕೊಳ್ಳಿ, ಅದು ನಿಮ್ಮ ಹಕ್ಕು.