ಕೀರ್ತಿಯ ಹಂಗಿಲ್ಲದ ಗುರು

ಡೇವಿಡ್ ಬೆಕಮ್ ಎಂಬ ಹೆಸರನ್ನು ಕೇಳದ ಹುಡುಗರು ನಮ್ಮಲ್ಲಿಯೂ ಕಡಿಮೆ. ಆತನನ್ನು ತಿದ್ದಿ ತೀಡಿದ ಎರಿಕ್ ಹ್ಯಾರಿಸನ್ ಎಂಬ ಹೆಸರನ್ನು ಬಲ್ಲ ಹಿರಿಯರೂ ವಿರಳ. ಶಿಷ್ಯನ ಕೀರ್ತಿ ಕಡಲು ದಾಟುತ್ತದೆ. ಗುರುವಿನ ಹೆಸರು ಮೈದಾನದ ಬೇಲಿಯೊಳಗೇ ಉಳಿಯುತ್ತದೆ.

1938ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ಜನಿಸಿದ ಹ್ಯಾರಿಸನ್ ಅವರು ವೃತ್ತಿಪರ ಫುಟ್‌ಬಾಲ್ ಆಟಗಾರರಾಗಿದ್ದರು. ಅಂದಿನ ಇಂಗ್ಲಿಷ್ ಲೀಗಿನಲ್ಲಿ ನಾಲ್ಕು ವಿಭಾಗಗಳಿದ್ದವು. ಅವರು ಆಡಿದ ಹ್ಯಾಲಿಫ್ಯಾಕ್ಸ್, ಹಾರ್ಟ್ಲ್‌ಪೂಲ್ಸ್, ಬ್ಯಾರೊ, ಸೌತ್‌ಪೋರ್ಟ್ ತಂಡಗಳು ಆಗ ಕೆಳಗಿನ ವಿಭಾಗಗಳಲ್ಲಿದ್ದವು. ನಾಲ್ಕನೆಯ ವಿಭಾಗದ ತಳದಲ್ಲಿ ನಿಂತ ತಂಡಗಳು ಪ್ರತಿ ವರ್ಷವೂ ಉಳಿದ ಕ್ಲಬ್ಬುಗಳ ಮತ ಯಾಚಿಸಿ ಲೀಗಿನಲ್ಲಿ ಉಳಿಯಬೇಕಾಗಿತ್ತು. 1972ರಲ್ಲಿ ಬ್ಯಾರೊ ತಂಡವು ಹೀಗೆಯೇ ಹೊರಬಿದ್ದಿತು. ಅಂತಹ ಅನಿಶ್ಚಿತ ನೆಲದಲ್ಲಿ ಒಂದೂವರೆ ದಶಕ ಆಡಿದವರಿಗೆ ಕೀರ್ತಿ ದೊರೆಯಲಿಲ್ಲ. ದಿನದಿನದ ಶ್ರಮದ ಬೆಲೆ ಮಾತ್ರ ಚೆನ್ನಾಗಿ ತಿಳಿಯಿತು.

ಆಟ ಮುಗಿದ ಮೇಲೆ ಎವರ್ಟನ್‌ನಲ್ಲಿ ತರಬೇತಿಯ ಕೆಲಸ ಮಾಡಿದ ಅವರು 1981ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಸಂಸ್ಥೆಯ ಕಿರಿಯರ ಹೊಣೆ ಹೊತ್ತರು. ನಾರ್ಮನ್ ವೈಟ್‌ಸೈಡ್, ಮಾರ್ಕ್ ಹ್ಯೂಸ್ ಅವರ ಮೊದಲ ಶಿಷ್ಯರಲ್ಲಿ ಸೇರಿದವರು. ಕಿರಿಯರು ಹಿರಿಯ ಆಟಗಾರರ ಬೂಟುಗಳನ್ನು ಉಜ್ಜಿ ಹೊಳೆಯಿಸುತ್ತಿದ್ದ ಕಾಲವದು. ಹ್ಯಾರಿಸನ್ ಅವರು ಮೈದಾನಕ್ಕೆ ಅಭಿಮುಖವಾಗಿದ್ದ ಮೇಲಿನ ಕೋಣೆಯಿಂದ ಆಟವನ್ನು ನೋಡುತ್ತ, ತಪ್ಪು ಕಂಡೊಡನೆ ಕಿಟಕಿಯ ಗಾಜನ್ನು ಗುದ್ದುತ್ತಿದ್ದರು. ಇಂದಿನ ಕಣ್ಣಿಗೆ ಆ ಕೋಪ ಅತಿಯೆನಿಸುತ್ತದೆ. ಅದನ್ನೊಂದು ಗುಣವೆಂದು ಹೊಗಳಬೇಕಾಗಿಲ್ಲ. ಆದರೆ ಕೋಪದ ಗುರುವನ್ನು ಮಕ್ಕಳು ಬೇಗ ಮರೆಯುತ್ತಾರೆ. ತಮ್ಮ ಹಿತಕ್ಕಾಗಿ ಬೆವರು ಹರಿಸಿದವನನ್ನು ಮರೆಯುವುದಿಲ್ಲ. ಆ ಶಿಷ್ಯರು ಮರೆಯಲಿಲ್ಲ.

1992ರಲ್ಲಿ ಅವರ ತಂಡವು ಕ್ರಿಸ್ಟಲ್ ಪ್ಯಾಲೇಸನ್ನು ಎರಡು ಪಂದ್ಯಗಳ ಒಟ್ಟು ಲೆಕ್ಕದಲ್ಲಿ 6–3ರಿಂದ ಸೋಲಿಸಿ ಎಫ್‌ಎ ಯೂತ್ ಕಪ್ ಗೆದ್ದಿತು. ಗಿಗ್ಸ್, ಬೆಕಮ್, ಬಟ್, ಗ್ಯಾರಿ ನೆವಿಲ್ ಆ ತಂಡದಿಂದ ಬಂದವರು. ಸ್ಕೋಲ್ಸ್ ಮತ್ತು ಫಿಲ್ ನೆವಿಲ್ ಅವರ ಬೆನ್ನಿಗೇ ಬಂದರು. 1995ರ ಆಗಸ್ಟಿನಲ್ಲಿ ಈ ಯುವಕರು ಮೊದಲ ಪಂದ್ಯ ಸೋತಾಗ, ಹುಡುಗರನ್ನು ನಂಬಿ ಏನನ್ನೂ ಗೆಲ್ಲಲಾಗದೆಂದು ದೂರದರ್ಶನದಲ್ಲಿ ಮೂದಲಿಸಲಾಯಿತು. ಮುಂದಿನ ಮೇ ತಿಂಗಳಲ್ಲಿ ಲೀಗ್ ಮತ್ತು ಎಫ್‌ಎ ಕಪ್ ಎರಡೂ ಅವರದಾಗಿದ್ದವು.

ಇಲ್ಲಿ ಒಂದು ಸಂಗತಿಯನ್ನು ಮರೆಯಬಾರದು. 1992ರ ತಂಡದ ಎಲ್ಲರೂ ತಾರೆಗಳಾಗಲಿಲ್ಲ. ಕೆಲವರಿಗೆ ಹಿರಿಯರ ತಂಡದಲ್ಲಿ ಒಂದು ಪಂದ್ಯವೂ ಸಿಗಲಿಲ್ಲ. ಅವರೂ ಅದೇ ಮಳೆಯಲ್ಲಿ ನೆನೆದು, ಅದೇ ಪಾಠವನ್ನು ಕಲಿತವರು. ಗೆದ್ದವರನ್ನಷ್ಟೇ ಎಣಿಸಿ ಗುರುವನ್ನು ಅಳೆಯುವುದಾದರೆ ಕೆಳವಿಭಾಗಗಳಲ್ಲಿ ಕಳೆದ ಹ್ಯಾರಿಸನ್ ಅವರ ಯೌವನವೂ ವ್ಯರ್ಥವೆನ್ನಬೇಕಾದೀತು. ಹೆಸರು ಬಾರದ ಆ ವರ್ಷಗಳ ದುಡಿಮೆಯೇ ಮುಂದೆ ಇತರರ ಪಾಲಿಗೆ ವಿದ್ಯೆಯಾಯಿತು.

1998ರಲ್ಲಿ ಅವರು ನಿವೃತ್ತರಾದರು. ಮರುವರ್ಷ ಬಾರ್ಸಿಲೋನಾದಲ್ಲಿ ಅವರ ಶಿಷ್ಯರು ಯೂರೋಪಿನ ಕಿರೀಟ ಧರಿಸಿದರು. ಬ್ರಿಟನ್ ಸರ್ಕಾರದ ಗೌರವ ಅವರಿಗೆ ದೊರೆತದ್ದು 2018ರಲ್ಲಿ. ಅಷ್ಟರಲ್ಲಿ ಅವರನ್ನು ಮರೆವಿನ ರೋಗ ಆವರಿಸಿತ್ತು. 2019ರ ಫೆಬ್ರವರಿಯಲ್ಲಿ, 81ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಆ ಶಿಷ್ಯರೆಲ್ಲ ಕೃತಜ್ಞತೆಯಿಂದ ನೆನೆದರು.

ಗುರುವಿನ ನೆನಪು ಅಳಿಸಿಹೋದರೂ ಶಿಷ್ಯರಲ್ಲಿ ಅದು ಉಳಿಯಿತು. ಕಲಿಸುವವನು ಇದಕ್ಕಿಂತ ಹೆಚ್ಚಿನ ಸಂಭಾವನೆಯನ್ನು ಬಯಸಬೇಕಾಗಿಲ್ಲ.