ಗಡಸು ನೀರಿನ ನಲ್ಲಿ

ಕೋಲಾರದ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಅರ್ಧ ಇಂಚಿನ ನಲ್ಲಿಗೆ ಒಂದು ವಾಷರ್ ಕೊಡಿ ಎಂದರೆ ಅಂಗಡಿಯವರು ಮುಖ ನೋಡುತ್ತಾರೆ. "ಒಂದೇನಾ ಸಾರ್? ನಮ್ ನೀರಿಗೆ ಒಂದು ಎಲ್ಲಿ ಸಾಲ್ತದೆ, ನಾಲ್ಕು ತಗೊಂಡೋಗಿ." ಆ ಮಾತಿನಲ್ಲಿ ವ್ಯಾಪಾರ ಸ್ವಲ್ಪ, ನೆಲದ ಅನುಭವವೇ ಹೆಚ್ಚು.

ವರ್ಷವಿಡೀ ಹರಿಯುವ ನದಿ ನಮಗಿಲ್ಲ. ಅಂತರಗಂಗೆಯಲ್ಲಿ ಕಲ್ಲಿನ ಬಸವನ ಬಾಯಿಂದ ಬೀಳುವ ನೀರಿಗೆ ನಲ್ಲಿಯೂ ಬೇಡ, ವಾಷರೂ ಬೇಡ. ಉಳಿದವರಿಗೆ ಬೋರ್‌ವೆಲ್ಲೇ ಗತಿ. ಅದು ಸಾವಿರ ಅಡಿ ದಾಟಿ ಎಷ್ಟೋ ಕಾಲವಾಯಿತು. ಅಷ್ಟು ಆಳದ ಬಂಡೆಯ ಬಿರುಕುಗಳಲ್ಲಿ ತಂಗಿದ್ದ ನೀರು ಕಲ್ಲಿನ ಲವಣ ಕರಗಿಸಿಕೊಂಡೇ ಮೇಲೆ ಬರುತ್ತದೆ. ಅದರಲ್ಲಿನ ಫ್ಲೋರೈಡು ಹಲ್ಲು, ಮೂಳೆಗೆ ಅಂಟಿಕೊಳ್ಳುತ್ತದೆ, ಸುಣ್ಣ ನಲ್ಲಿಗೆ.

ವಾಷರ್ ಬದಲಿಸುವುದು ಮಹಾವಿದ್ಯೆಯೇನಲ್ಲ. ಸಿಂಟೆಕ್ಸ್ ಕೆಳಗಿನ ಗೇಟ್ ವಾಲ್ವ್ ಮುಚ್ಚಬೇಕು (ಸುಣ್ಣ ಕಟ್ಟಿ ಅದೂ ತಿರುಗದೆ ಕೂತಿದ್ದರೆ ಬೇರೆ ಕತೆ), ಪೈಪಿನಲ್ಲಿ ಉಳಿದ ನೀರನ್ನು ಬಕೆಟ್ಟಿಗೆ ಹಿಡಿದು ಸ್ಪ್ಯಾನರಿನಿಂದ ನಲ್ಲಿಯ ತಲೆ ಬಿಚ್ಚಬೇಕು. ಒಳಗಿನ ಕಡ್ಡಿಯ ತುದಿಯಲ್ಲಿ ಅಂಗಿಗುಂಡಿಯಷ್ಟು ಕರಿ ರಬ್ಬರು ಸಿಗುತ್ತದೆ, ಮೈಮೇಲೆ ದುಂಡನೆ ಗೀರು ಬಿದ್ದಿರುತ್ತದೆ. ಹೊಸದನ್ನು ಸಿಕ್ಕಿಸಿ ಎದ್ದುಬಿಟ್ಟರೆ ಸ್ವಲ್ಪ ದಿನಕ್ಕೆ ಮತ್ತೆ ಅದೇ ಟಪ್ ಟಪ್. ವಾಷರ್ ಕೂರುವ ಹಿತ್ತಾಳೆಯ ಅಂಚನ್ನು ಬೆರಳಿನಿಂದ ಸವರಿ ನೋಡಬೇಕು. ಅಲ್ಲಿ ಸುಣ್ಣ ಹರಳುಗಟ್ಟಿದ್ದರೆ ಹೊಸ ರಬ್ಬರನ್ನೂ ಕೊರೆಯುತ್ತದೆ. ಹುಣಸೆಹಣ್ಣು ಕಿವುಚಿ ಹಚ್ಚಿ, ಒಂದಷ್ಟು ಹೊತ್ತು ಬಿಟ್ಟು, ಹಳೇ ಬ್ರಷ್ಷಿನಿಂದ ಉಜ್ಜಿದರೆ ಬಿಡುತ್ತದೆ. ಅಂಚೇ ಸವೆದಿದ್ದರೆ ಹುಣಸೆಹಣ್ಣೂ ಕೈಚೆಲ್ಲುತ್ತದೆ, ನಲ್ಲಿಯನ್ನೇ ಬದಲಿಸಬೇಕು.

ಮೂತಿಯಿಂದ ತೊಟ್ಟಿಕ್ಕುವ ನಲ್ಲಿಗೆ ಹೊರಗಿನಿಂದ ಟೆಫ್ಲಾನ್ ಟೇಪ್ ಸುತ್ತುವವರನ್ನು ಕಂಡರೆ ಕನಿಕರವಾಗುತ್ತದೆ. ಹಲ್ಲುಕಚ್ಚಿ ಬಿಗಿಯಾಗಿ ತಿರುವುವವರನ್ನು ಕಂಡರೆ ಸಿಟ್ಟು ಬರುತ್ತದೆ. ರಬ್ಬರನ್ನು ಕತ್ತರಿಸುವವರೇ ಅವರು. ಕಾಲು ಸುತ್ತಿಗೇ ನಿಲ್ಲುವ ಸೆರಾಮಿಕ್ ನಲ್ಲಿಗಳನ್ನೂ ನಾನು ನಂಬುವುದಿಲ್ಲ. ಮರಳಿನ ಒಂದು ಕಣ ಒಳಗಿನ ಬಿಲ್ಲೆಯನ್ನು ಗೀರಿದರೆ ಇಡೀ ಕಾರ್ಟ್ರಿಜ್ ಬದಲಿಸಬೇಕಾದೀತು.

ಸೆಕೆಂಡಿಗೊಂದು ಹನಿ, 20 ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೆ ದಿನಕ್ಕೆ 4 ಲೀಟರಿಗೂ ಮಿಕ್ಕಿ ಹೋಗುತ್ತದೆ. ಶ್ರೀನಿವಾಸಪುರದ ತೋಟಗಳಲ್ಲಿ ಗಂಟೆಗೆ 4 ಲೀಟರ್ ಬಿಡುವ ಡ್ರಿಪ್ಪರನ್ನು ದುಡ್ಡು ಕೊಟ್ಟು ಹಾಕಿಸುತ್ತಾರೆ, ಅಲ್ಲಿ ಹನಿಗೆ ಮರ್ಯಾದೆಯಿದೆ. ನೀರೆತ್ತಿದಷ್ಟೂ ಬೋರು ಆಳಕ್ಕಿಳಿಯುತ್ತದೆ, ಆಳದ ನೀರಿನ ಗಡಸುತನ ವಾಷರನ್ನು ತಿನ್ನುತ್ತದೆ, ಸವೆದ ವಾಷರು ಮತ್ತೆ ನೀರು ಕೇಳುತ್ತದೆ. ಈ ಸುತ್ತಿನಲ್ಲಿ ತೋಟದ ಪಂಪುಗಳ ಪಾಲೇ ದೊಡ್ಡದು, ಬಚ್ಚಲಿನ ನಲ್ಲಿಯದು ಚಿಲ್ಲರೆ. ಆದರೆ ಸ್ಪ್ಯಾನರ್ ಹಿಡಿದವನ ಕೈಗೆ ಎಟಕುವುದು ಅದೊಂದೇ.

ಕೋಲಾರ, ಮಾಲೂರು, ಬಂಗಾರಪೇಟೆ ಪಟ್ಟಣಗಳಿಗಾಗಿ ಕಟ್ಟಿದ ಯರಗೋಳ್ ಅಣೆಕಟ್ಟೆ 2023ರ ನವೆಂಬರಿನಲ್ಲಿ ಉದ್ಘಾಟನೆಯಾಯಿತು. ಅಲ್ಲಿ ನಿಲ್ಲುವುದು ಮಳೆನೀರು. ವಾಷರುಗಳ ಆಯುಸ್ಸು ಹೆಚ್ಚಿದರೂ ಹೆಚ್ಚೀತು. ಅದಕ್ಕೂ ಮೊದಲೇ, 2018ರ ಜೂನಿನಿಂದ, ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ಎರಡು ಹಂತದಲ್ಲಿ ಶುದ್ಧಿಯಾಗಿ ನಮ್ಮ ಕೆರೆಗಳಿಗೆ ಬರುತ್ತಿದೆ. ಮೊದಲು ಬಂದದ್ದು ಲಕ್ಷ್ಮೀಸಾಗರ ಕೆರೆಗೆ. ನೊರೆ ಎದ್ದಿತು, ಕೋರ್ಟು, ತಡೆಯಾಜ್ಞೆ ಎಲ್ಲ ಆಯಿತು. ಮೂರನೇ ಹಂತದ ಶುದ್ಧೀಕರಣ ಬೇಕೆಂದು ಹೋರಾಟಗಾರರು ಕೇಳಿದ್ದು ನ್ಯಾಯವೇ. ಅಂತೂ ಕಾವೇರಿ ನೀರು ಬೆಳ್ಳಂದೂರಿನ ಬಚ್ಚಲುಗಳಲ್ಲಿ ಇಳಿದು, ಮೋರಿ ಸೇರಿ, ಕೊನೆಗೆ ನಮ್ಮಲ್ಲಿಗೇ ಬರಬೇಕು.

ಆ ಕಡೆಯೇ ಮನೆ ಮಾಡಿರುವ ನಮ್ಮ ಭಾವ ಮೊನ್ನೆ ಫೋನ್ ಮಾಡಿ, "ಅಡುಗೆಮನೆ ನಲ್ಲಿ ಒಂದೇ ಸಮ ಸೋರ್ತಾ ಐತೆ, ಬಂದಾಗ ಒಂದ್ಸಲ ನೋಡ್ತೀಯೇನಪ್ಪಾ?" ಎಂದರು.

"ನೋಡಾಣ ಭಾವ, ಅವಸರ ಏನೈತೆ" ಎಂದೆ.