ಮುದ್ದೆಗೆ ಹಲ್ಲು ಬೇಡ

ನನಗೆ ಅಗಿಯಲು ಬರುವುದಿಲ್ಲ ಅನ್ನುವುದು ಇಪ್ಪತ್ತನಾಲ್ಕು ವರ್ಷ ಯಾರ ಗಮನಕ್ಕೂ ಬರಲಿಲ್ಲ. ಅದಕ್ಕೆ ಕಾರಣ ರಾಗಿಮುದ್ದೆ. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಹೊರಳಿಸಿ ನುಂಗುವುದೇ. ಕುಣಿಗಲ್ ಸೀಮೆಯ ನಮ್ಮೂರಿನಲ್ಲಿ ಎರಡು ಹೊತ್ತೂ ಅದೇ ಊಟ. ಬೆಂಗಳೂರಿಗೆ ಲೆಕ್ಕಪತ್ರದ ಕೆಲಸಕ್ಕೆ ಬಂದು ಲೇಡೀಸ್ ಹಾಸ್ಟೆಲ್ ಸೇರಿದೆ. ಅಲ್ಲಿ ರಾತ್ರಿ ದಿನಾ ಚಪಾತಿ. ಜೊತೆಯವರು ತಿಂದು ತಟ್ಟೆ ತೊಳೆದು ಬಂದರೂ ನಾನಿನ್ನೂ ಎರಡನೆಯದರಲ್ಲೇ ಇರುತ್ತಿದ್ದೆ. 'ಎಷ್ಟು ನಾಜೂಕಾಗಿ ತಿಂತೀಯ' ಅಂದಳೊಬ್ಬಳು. ನಾಜೂಕು ಎಲ್ಲಿ ಬಂತು, ಕಿವಿಯ ಬುಡದಲ್ಲಿ ದವಡೆ ನೋಯುತ್ತಿತ್ತು.

ಬಾಯಿ ಮುಚ್ಚಿದಾಗ ಮೇಲಿನ ಹಲ್ಲುಸಾಲು ಡಬ್ಬಿಯ ಮುಚ್ಚಳದ ಹಾಗೆ ಕೆಳಗಿನದರ ಹೊರಗೆ ಕೂರಬೇಕು. ನನ್ನದು ತಿರುವುಮುರುವು. ಕೆಳಗಿನ ಸಾಲೇ ಮುಂದೆ. ಬಾಚಿಹಲ್ಲುಗಳು ಒಂದಕ್ಕೊಂದು ತಾಗುತ್ತಲೇ ಇರಲಿಲ್ಲ. ಸೀಬೆಕಾಯಿಯನ್ನು ಬಾಯಿಯ ಪಕ್ಕಕ್ಕೆ ಕೊಟ್ಟು ಕಚ್ಚುತ್ತಿದ್ದೆ, ಮುಸುಕಿನ ಜೋಳವನ್ನು ಹೆಬ್ಬೆರಳಿನಿಂದ ಒಂದೊಂದೇ ಕಾಳು ಬಿಡಿಸಿ ತಿನ್ನುತ್ತಿದ್ದೆ. ಎಲ್ಲರೂ ಹೀಗೇ ಮಾಡುತ್ತಾರೇನೋ ಅಂದುಕೊಂಡಿದ್ದೆ.

ಬಾಯೊಳಗಿನದು ಯಾರಿಗೂ ಕಾಣಲಿಲ್ಲ, ಹೊರಗಿನದು ಎಲ್ಲರಿಗೂ ಕಂಡಿತು. ಶಾಲೆಯಲ್ಲಿ ನನ್ನ ಹೆಸರು ಗುದ್ದಲಿ. ಗದ್ದ ಮುಂದೆ ಚಾಚಿಕೊಂಡಿತ್ತಲ್ಲ, ಅದಕ್ಕೆ. ಫೋಟೋ ತೆಗೆಯುವಾಗ ತಲೆ ಒಂದಿಷ್ಟು ತಗ್ಗಿಸಿ, ಕೆಳತುಟಿಯನ್ನು ಒಳಗೆಳೆದುಕೊಳ್ಳುವುದನ್ನು ಎಂಟನೇ ಕ್ಲಾಸಿಗೇ ಕಲಿತುಬಿಟ್ಟಿದ್ದೆ. ಸಂಬಂಧ ನೋಡುವ ಕಾಲ ಬಂದಾಗ ಮದುವೆ ಬ್ರೋಕರ್ ಅವ್ವನಿಗೆ ಗುಟ್ಟಾಗಿ ಹೇಳಿದ್ದು: 'ಎದುರುಗಡೆದು ಫೋಟೋ ಸಾಕು, ಸೈಡಿಂದ ಬೇಡಿ.' ಎರಡನೇ ಸಲ ನೋಡಲು ಬಂದವರ ಪೈಕಿ ಒಬ್ಬ ಹೆಂಗಸು ಉಪ್ಪಿಟ್ಟಿನ ತಟ್ಟೆ ಕೆಳಗಿಡುತ್ತಾ, 'ಹುಡುಗಿ ಲಕ್ಷಣವಾಗವ್ಳೆ, ಗದ್ದ ಒಂದು...' ಅಂದು ಅಲ್ಲಿಗೇ ನಿಲ್ಲಿಸಿದರು. ಪೂರ್ತಿ ಹೇಳಿಬಿಟ್ಟಿದ್ದರೆ ನಾನು ಅಷ್ಟು ವರ್ಷ ಅದನ್ನು ಪೂರ್ತಿ ಮಾಡುತ್ತಾ ಕೂರುತ್ತಿರಲಿಲ್ಲ.

ದಂತ ವೈದ್ಯಕೀಯ ಕಾಲೇಜೊಂದಕ್ಕೆ ಹೋಗಿದ್ದು ಬುದ್ಧಿಹಲ್ಲಿನ ನೋವಿಗೆ. ಬಾಯಿ ನೋಡಿದ ಹುಡುಗ ಡಾಕ್ಟರು ಇನ್ನೊಬ್ಬರನ್ನು ಕರೆದರು, ಅವರು ಮತ್ತೊಬ್ಬರನ್ನು. ಐದು ಜನ ಸುತ್ತ ನಿಂತು 'ಕ್ಲಾಸ್ ತ್ರೀ' ಅಂದರು. ಹಲ್ಲು ಕಚ್ಚುವ ಬಗೆಯನ್ನು 1899ರಲ್ಲಿ ಎಡ್ವರ್ಡ್ ಆಂಗಲ್ ಎಂಬ ಅಮೆರಿಕದ ದಂತವೈದ್ಯ ಮೂರು ವರ್ಗ ಮಾಡಿದ್ದನಂತೆ, ನಾನು ಮೂರನೆಯದು. ಕಿವಿಗಳಿಗೆ ಎರಡು ಕಡ್ಡಿ ಕೊಟ್ಟು ತಲೆ ಅಲ್ಲಾಡದಂತೆ ನಿಲ್ಲಿಸಿ ಪಕ್ಕದಿಂದ ಎಕ್ಸ್‌ರೇ ತೆಗೆದರು. ಬ್ರೋಕರ್ ಬೇಡವೆಂದ ಭಂಗಿ ಅದೇ.

ಆ ಎಕ್ಸ್‌ರೇ ಮೇಲೆ ತೆಳು ಹಾಳೆ ಹರಡಿ, ದೀಪದ ಪೆಟ್ಟಿಗೆಯ ಮೇಲಿಟ್ಟು ಒಬ್ಬಳು ವಿದ್ಯಾರ್ಥಿನಿ ಪೆನ್ಸಿಲಿನಲ್ಲಿ ನನ್ನ ಮುಖದ ಗೆರೆ ಎಳೆದಳು. ಮೂಗಿನ ಬುಡ, ಮೇಲ್ದವಡೆ, ಕೆಳದವಡೆ, ಒಂದೊಂದಕ್ಕೂ ಚುಕ್ಕಿ. ಚುಕ್ಕಿಯಿಂದ ಚುಕ್ಕಿಗೆ ಕೋನ. ಮೇಲ್ದವಡೆಗೆ 82 ಡಿಗ್ರಿ ಇರಬೇಕು, ಕೆಳದವಡೆಗೆ 80, ಕಳೆದರೆ 2. ನನಗೆ ಬಂದದ್ದು 76 ಮತ್ತು 81. ಕಳೆದರೆ ಮೈನಸ್ ಐದು. ಲೆಕ್ಕಪತ್ರದವಳು ನಾನು, ಮೈನಸ್ ಅಂದರೆ ಎದೆ ಧಸಕ್ಕೆನ್ನುತ್ತದೆ. ಆದರೆ ಆಮೇಲೆ ಸರ್ಜನ್ ಮೇಡಂ ಹೇಳಿದ ಮಾತಿಗೆ ನಾನು ಬಾಯಿ ಬಿಟ್ಟುಕೊಂಡು ಕೂತೆ. 'ನಿಮ್ಮ ಗದ್ದ ಉದ್ದ ಇಲ್ಲಮ್ಮ. ಅದು ಹೆಚ್ಚುಕಮ್ಮಿ ಸರಿಯಾಗೇ ಇದೆ. ಬೆಳೀದೆ ಉಳಿದಿರೋದು ಮೇಲ್ದವಡೆ.'

ಗುದ್ದಲಿ ಅಂದವರು, ಅರ್ಧಕ್ಕೆ ನಿಲ್ಲಿಸಿದ ಆ ಹೆಂಗಸು, ಕನ್ನಡಿ ಮುಂದೆ ನಾನು, ಎಲ್ಲರೂ ಸೇರಿ ಇಷ್ಟು ವರ್ಷ ತಪ್ಪು ಜಾಗವನ್ನು ಬೈದಿದ್ದೆವು.

ಮೇಡಂ ಕೇಸ್ ಶೀಟ್ ತೆಗೆದು ಕೇಳಿದರು: 'ಏನಕ್ಕೆ ಮಾಡಿಸ್ಕೋಬೇಕು ಅಂತಿದೀರ? ಅಗಿಯೋಕೋ, ಮುಖಕ್ಕೋ?' 'ಅಗಿಯೋಕೆ' ಅಂದೆ. ಹಾಗೇ ಬರೆದುಕೊಂಡರು. ಖಾಸಗಿ ಆಸ್ಪತ್ರೆಯೊಂದರಲ್ಲಿ ಕೇಳಿದಾಗ ಮೂರು ಲಕ್ಷದ ಮೇಲೆ ಹೇಳಿದ್ದರಿಂದ ವಿಮೆಗೆ ಅರ್ಜಿ ಹಾಕಿದ್ದೆ. ಸೌಂದರ್ಯಕ್ಕಾಗಿ ಮಾಡುವ ಚಿಕಿತ್ಸೆ ಪಾಲಿಸಿಯಲ್ಲಿ ಬರುವುದಿಲ್ಲ ಅಂತ ಅವರ ಪತ್ರ ಬಂತು. ಸಿಟ್ಟಿನಿಂದ ಮರುಪತ್ರ ಬರೆಯಲು ಕೂತೆ. 'ಇದು ಸೌಂದರ್ಯಕ್ಕಲ್ಲ' ಎಂಬ ಸಾಲು ಬರೆದ ಮೇಲೆ ಕೈ ಮುಂದೆ ಹೋಗಲಿಲ್ಲ. ಕೇಸ್ ಶೀಟಿನಲ್ಲಿ ಇದ್ದದ್ದು ಅರ್ಧ, ವಿಮೆಯವರ ಪತ್ರದಲ್ಲಿ ಇದ್ದದ್ದು ಇನ್ನರ್ಧ. ಕೊನೆಗೆ ಕಾಲೇಜಿನಲ್ಲೇ ಕಡಿಮೆ ಖರ್ಚಿನಲ್ಲಿ ಮಾಡಿಸುವುದೆಂದು ತೀರ್ಮಾನಿಸಿದೆ.

ತೀರ್ಮಾನಕ್ಕೆ ಮುಂಚೆ ಆರು ತಿಂಗಳು ನಾನೊಂದು ಹುಚ್ಚಿಗೆ ಬಿದ್ದಿದ್ದೆ. ರಾತ್ರಿ ಹಾಸ್ಟೆಲಿನಲ್ಲಿ ಸ್ಕೇಲು ಹಿಡಿದು ಮುಖ ಅಳೆಯುವುದು. ಕೂದಲಿನಂಚಿನಿಂದ ಹುಬ್ಬು, ಹುಬ್ಬಿನಿಂದ ಮೂಗಿನ ಕೆಳಗಿನ ಅಂಚು, ಅಲ್ಲಿಂದ ಗದ್ದದ ತುದಿ. ಮೂರೂ ಸಮ ಇದ್ದರೆ ಚೆಂದವಂತೆ. ಚಿನ್ನದ ಅನುಪಾತ ಅಂತ 1.618ರ ಲೆಕ್ಕ ಬೇರೆ. ಇಂಥದ್ದನ್ನೆಲ್ಲ ಓದಿ ಓದಿ ತಿಳಿದದ್ದು, ಮೂರು ವರ್ಗ ಮಾಡಿದ ಆ ಆಂಗಲ್ ಕೂಡ ಒಂದು ಕಾಲಕ್ಕೆ ಅಪೋಲೋ ಬೆಲ್ವೆಡೇರ್ ಎಂಬ ಕಲ್ಲಿನ ವಿಗ್ರಹದ ಮುಖವನ್ನೇ ಮಾದರಿ ಅಂತ ಇಟ್ಟುಕೊಂಡಿದ್ದ. ನನ್ನ ಮೈನಸ್ ಐದನ್ನು ಹೋಲಿಸಿ ನೋಡಿದ 82 ಮತ್ತು 80 ಕೂಡ ಸ್ಟೈನರ್ ಎಂಬಾತ 1953ರಲ್ಲಿ ಬಿಳಿಯ ಅಮೆರಿಕನ್ನರ ಮುಖ ನೋಡಿ ಕೊಟ್ಟ ಲೆಕ್ಕ. ನಮ್ಮ ಕಡೆಯವರ ಹಲ್ಲು ತುಟಿ ಸಾಮಾನ್ಯವಾಗಿ ಅವರಿಗಿಂತ ಒಂದಿಷ್ಟು ಮುಂದೆಯೇ ಇರುತ್ತವೆ ಅಂತ ಮೇಡಮ್ಮೇ ಹೇಳಿದರು. 'ಅದನ್ನ ಲೆಕ್ಕಕ್ಕೆ ತಗೊಂಡ್ರೂ ನಿಮ್ಮದು ಸರಿ ಇಲ್ಲ' ಅಂತಲೂ ಸೇರಿಸಿದರು. ಮೋಸವಿಲ್ಲದ ಹೆಂಗಸು.

ಅದೇ ದಿನಗಳಲ್ಲಿ ಊರಿನ ಮಾರಮ್ಮನ ಹೊಸ ವಿಗ್ರಹಕ್ಕೆ ಮುಂಗಡ ಕೊಡಲು ಚಿಕ್ಕಪ್ಪ ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೆ ಹೊರಟರು, ನಾನೂ ಹೋದೆ. ಬೀದಿಯುದ್ದಕ್ಕೂ ಉಳಿಯ ಸದ್ದು, ಕಾಲಿಟ್ಟಲ್ಲೆಲ್ಲ ಕಲ್ಲಿನ ಪುಡಿ. ಶಿಲ್ಪಿಯೊಬ್ಬರು ಕಲ್ಲಿನ ಮೇಲೆ ಕೆಂಪು ಗೆರೆ ಎಳೆಯುತ್ತಿದ್ದರು. ಹಣೆ ನಾಲ್ಕು ಅಂಗುಲ, ಮೂಗು ನಾಲ್ಕು, ಗದ್ದ ನಾಲ್ಕು. ವರಾಹಮಿಹಿರನ ಬೃಹತ್ಸಂಹಿತೆಯಲ್ಲೂ ಇದೇ ಅಳತೆ ಇದೆ. ನನ್ನ ಸ್ಕೇಲಿನ ಲೆಕ್ಕ ಇಲ್ಲಿಗೂ ಬಂತಲ್ಲ ಅನ್ನಿಸಿ ಬೇಸರವಾಯಿತು. ಗದ್ದದ ಹತ್ತಿರ ಕಲ್ಲು ದಪ್ಪಗೇ ಉಳಿದಿದ್ದನ್ನು ನೋಡಿ ಯಾಕೆಂದು ಕೇಳಿದೆ. 'ಜಾಸ್ತಿ ಬಿಟ್ಕೊಂಡಿದ್ರೆ ಆಮೇಲೆ ತೆಗೀಬೋದು. ಕಮ್ಮಿ ಆದ್ರೆ ತಂದು ಅಂಟ್ಸಕ್ಕಾಯ್ತದಾ ತಾಯಿ?' ಅಂದರು, ನನ್ನ ಮುಖ ನೋಡದೆ. ಕಮ್ಮಿ ಆಗಿದ್ದದ್ದು ನನಗೆ. ನನ್ನ ಮೇಡಂ ಅದನ್ನು ಮುಂದಕ್ಕೆ ತಂದು ಕೂರಿಸುವವರಿದ್ದರು.

ಮನೆಯಲ್ಲಿ ಒಪ್ಪಿಸುವುದು ಬೇರೆಯೇ ಪಾಡು. ಆ ಗದ್ದ ನಮ್ಮ ತಾತನದು. ನಮ್ಮಪ್ಪ ಅವ್ವನಿಗೆ ಸೋದರಮಾವ. ಹಾಗಾಗಿ ಅಪ್ಪನ ತಂದೆ ಅವ್ವನಿಗೂ ತಾತ. ಆ ಮುಖ ನನಗೆ ಎರಡು ದಾರಿಯಲ್ಲಿ ಬಂದಿತ್ತು. ಯುರೋಪಿನ ಹ್ಯಾಬ್ಸ್‌ಬರ್ಗ್ ರಾಜಮನೆತನದಲ್ಲಿ ಇಂಥ ದವಡೆ ತಲೆಮಾರುಗಟ್ಟಲೆ ಬಂತು. ಸ್ಪೇನಿನ ಎರಡನೇ ಕಾರ್ಲೋಸ್‌ಗೆ ಅಗಿಯಲು ಆಗುತ್ತಿರಲಿಲ್ಲ, ಅವನ ತಂದೆಯೂ ತನ್ನ ಅಕ್ಕತಂಗಿಯ ಮಗಳನ್ನೇ ಮದುವೆಯಾದವನು. ಇದನ್ನು ಅವ್ವನಿಗೆ ಹೇಳಿದೆ. 'ರಾಜರ ಮನೇಲೂ ಇತ್ತಂತಲ್ಲ, ಮತ್ಯಾಕೆ ಕುಯ್ಸ್ಕೋತೀಯ?' ಅಂದಳು.

ಆಪರೇಷನ್ ಅಂದರೆ ಹೋಗಿ ಮಲಗುವುದಲ್ಲ. ಮೊದಲು ಒಂದೂವರೆ ವರ್ಷ ಹಲ್ಲಿಗೆ ಕ್ಲಿಪ್ಪು. ದವಡೆ ತಪ್ಪಿದ್ದರೂ ಹೇಗೋ ತಾಗಲೆಂದು ಹಲ್ಲುಗಳು ತಾವೇ ವಾಲಿಕೊಂಡಿರುತ್ತವೆ. ಅವನ್ನು ನೆಟ್ಟಗೆ ನಿಲ್ಲಿಸಬೇಕು. ನಿಲ್ಲಿಸಿದಂತೆಲ್ಲ ನಡುವಿನ ಅಂತರ ಹೆಚ್ಚುತ್ತದೆ, ಗದ್ದ ಇನ್ನೂ ಮುಂದೆ ಬಂದಂತೆ ಕಾಣುತ್ತದೆ. ಸರಿಮಾಡಿಸಿಕೊಳ್ಳಲು ದುಡ್ಡು ಕೊಟ್ಟು ದಿನದಿಂದ ದಿನಕ್ಕೆ ಕೆಡುತ್ತಾ ಹೋದೆ. ಇಡೀ ಪಾಡಿನಲ್ಲಿ ಇದೇ ಕಷ್ಟದ ಕಾಲ. ಆಪರೇಷನ್ ನೋವಿಗೆ ಮಾತ್ರೆ ಇತ್ತು. ಆಫೀಸಿನಲ್ಲಿ ಕರ್ಚೀಫು ಬಾಯಿಗೆ ಅಡ್ಡ ಹಿಡಿದೇ ಮಾತಾಡುತ್ತಿದ್ದೆ. ಅಕ್ಕನ ಮಗಳ ನಾಮಕರಣಕ್ಕೂ ಹೋಗಲಿಲ್ಲ.

ಸಹಿ ಹಾಕುವ ಹಾಳೆಯಲ್ಲಿ ಎಲ್ಲವನ್ನೂ ಬರೆದಿದ್ದರು. ಮೇಲ್ದವಡೆಯನ್ನು ಮೂಗಿನ ಕೆಳಗೆ ಅಡ್ಡಲಾಗಿ ಬೇರ್ಪಡಿಸುವ ಗೆರೆಗೆ ರೆನೆ ಲೆಫೋರ್ ಎಂಬ ಫ್ರೆಂಚ್ ಸರ್ಜನ್ನನ ಹೆಸರು. ಹೆಣಗಳ ತಲೆಗೆ ಪೆಟ್ಟು ಕೊಟ್ಟು ಮುಖದ ಮೂಳೆ ಎಲ್ಲೆಲ್ಲಿ ಬಿರಿಯುತ್ತದೆಂದು 1901ರಲ್ಲಿ ಬರೆದಿಟ್ಟವನು. ಕೆಳದವಡೆಯನ್ನು ಎರಡೂ ಕಡೆ ಬಿದಿರು ಸೀಳಿದ ಹಾಗೆ ಉದ್ದಕ್ಕೆ ಸೀಳಿ, ಒಂದು ಸೀಳಿನ ಮೇಲೆ ಇನ್ನೊಂದನ್ನು ಜಾರಿಸುತ್ತಾರೆ. ತುಟಿಗೆ ಹೋಗುವ ನರ ಆ ಮೂಳೆಯೊಳಗೇ ಇರುತ್ತದೆ. ಮೇಲಿನದು 6 ಮಿಲಿಮೀಟರ್ ಮುಂದಕ್ಕೆ, ಕೆಳಗಿನದು 3 ಹಿಂದಕ್ಕೆ. ಒಂದು ಅವರೆಕಾಳಿನಷ್ಟು ಆಗುತ್ತದೆ, ಅಷ್ಟೆ. ಎಲ್ಲವೂ ಬಾಯೊಳಗಿಂದಲೇ, ಹೊರಗೆ ಗೆರೆಯೂ ಕಾಣದು.

ಎಚ್ಚರವಾದಾಗ ಮೂಗಿನಲ್ಲಿ ನಳಿಕೆ, ಗಂಟಲಲ್ಲಿ ರಕ್ತದ ರುಚಿ. ಮೇಲಿನ ಕೆಳಗಿನ ಹಲ್ಲುಗಳನ್ನು ರಬ್ಬರ್ ಹಾಕಿ ಬಿಗಿದಿದ್ದರು. ಮಂಚದ ಕಂಬಿಗೆ ಒಂದು ಕತ್ತರಿಯನ್ನು ದಾರದಲ್ಲಿ ಕಟ್ಟಿ ನೇತುಹಾಕಿದ್ದರು. ವಾಂತಿ ಬಂದರೆ ರಬ್ಬರ್ ಕತ್ತರಿಸಲು ಅಂತ ನರ್ಸಮ್ಮ ಅವ್ವನಿಗೆ ತೋರಿಸಿಕೊಟ್ಟರು. ಅವ್ವ ಆ ರಾತ್ರಿ ಕಣ್ಣು ಮುಚ್ಚಲಿಲ್ಲ, ಕತ್ತರಿಯನ್ನೇ ನೋಡುತ್ತಾ ಕೂತಿದ್ದಳು. ಮೂರನೇ ದಿನ ಮುಖ ಕುಂಬಳಕಾಯಿಯಾಯಿತು. ಕನ್ನಡಿ ಕೇಳಿದೆ. ಕೊಡಲಿಲ್ಲ. ಮೊಬೈಲಿನಲ್ಲಿ ನೋಡಿಕೊಂಡೆ, ನೋಡಬಾರದಿತ್ತು.

ಆಮೇಲೆ ಆರು ವಾರ ಗಂಜಿ. ರಾಗಿ ಅಂಬಲಿ, ಬೇಳೆಕಟ್ಟು, ಸೋಸಿದ ಸಾರು. ಅವ್ವ ಮೊದಲು ಜರಡಿಯಲ್ಲಿ, ಆಮೇಲೆ ಹಳೆಯ ಪಂಚೆಯ ತುಂಡಿನಲ್ಲಿ ಸೋಸಿ, ಸಿರಿಂಜಿನಲ್ಲಿ ಎಳೆದು ಕೆನ್ನೆಯ ಮೂಲೆಯಿಂದ ಬಿಡುತ್ತಿದ್ದಳು. ಒಂದು ಲೋಟಕ್ಕೆ ಮುಕ್ಕಾಲು ಗಂಟೆ. ಏಳು ಕೆ.ಜಿ. ಇಳಿದೆ. ಒಗ್ಗರಣೆಯ ವಾಸನೆಗೆ ಅಳು ಬರುತ್ತಿತ್ತು. ಮಾತಿಲ್ಲ, ಸ್ಲೇಟಿನಲ್ಲಿ ಬರೆಯುವುದು. ಎರಡನೇ ವಾರ ಸ್ಲೇಟಿನಲ್ಲಿ 'ಯಾಕೆ ಮಾಡಿಸ್ಕೊಂಡೆ' ಅಂತ ಬರೆದೆ. ಅವ್ವನಿಗೆ ಓದು ಬಾರದು. ಏನೋ ಬೇಕೇನೋ ಅಂದುಕೊಂಡು ನೀರು ತಂದುಕೊಟ್ಟಳು.

ರಬ್ಬರ್ ತೆಗೆದ ಮೇಲೆ ಊರಿಗೆ ಹೋದೆ. ಅಜ್ಜಿಗೆ, ಅಂದರೆ ಅವ್ವನ ತಾಯಿಗೆ, ಪೊರೆ ಬಂದ ಕಣ್ಣು. ಎರಡೂ ಕೈಯಲ್ಲಿ ಮುಖ ಸವರಿದಳು, ಗದ್ದದ ಹತ್ತಿರ ಬೆರಳು ನಿಂತವು. ತಾತ ಅವಳಿಗೆ ಅಪ್ಪ. 'ನಮ್ಮಪ್ಪನ್ನ ಇಲ್ಲಿ ಇಟ್ಕೊಂಡಿದ್ಯಲ್ಲೇ, ಎಲ್ಲಿ ಬುಟ್ಟು ಬಂದೆ?' ಅಂದಳು. ನಗುತ್ತಲೇ ಅಂದಳು, ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ. ಮದುವೆ ಏನಾಯಿತು ಅಂತ ಕೇಳುವವರಿದ್ದಾರೆ. ಅದು ಇಲ್ಲಿ ಬೇಡ.

ಈಗ ಎರಡು ವರ್ಷವಾಯಿತು. ಕನ್ನಡಿಯಲ್ಲಿರುವ ಹೆಂಗಸು ನೋಡಲು ಚೆನ್ನಾಗಿದ್ದಾಳೆ. ಸುಳ್ಳು ಯಾಕೆ ಹೇಳಲಿ, ಇಷ್ಟವೂ ಆಗಿದ್ದಾಳೆ. ಫೋಟೋಗೆ ಮಾತ್ರ ಇನ್ನೂ ತಲೆ ತಗ್ಗಿಸುತ್ತೇನೆ. ಕೆಳತುಟಿಯಲ್ಲಿ ಮೊದಲ ಕೆಲವು ತಿಂಗಳು ಇರುವೆ ಹರಿದಂತಾಗುತ್ತಿತ್ತು, ನರ ಎದ್ದೇಳುತ್ತಿದೆ ಅಂದರು. ಬಲಗಡೆ ಎದ್ದಿತು. ಎಡಗಡೆ ಒಂದು ರೂಪಾಯಿ ಬಿಲ್ಲೆಯಷ್ಟು ಜಾಗ ಏಳಲೇ ಇಲ್ಲ. ಅದನ್ನೂ ಆ ಹಾಳೆಯಲ್ಲಿ ಬರೆದಿದ್ದರು, ಸಹಿ ನನ್ನದೇ.

ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹಾಸ್ಟೆಲಿನ ಗೆಳತಿಯ ಜೊತೆ ಹೋಗಿದ್ದೆ. ಹುರಿದದ್ದು ಒಂದು ಸೇರು ಕೊಂಡು ದೊಡ್ಡಗಣಪತಿ ಗುಡಿಯ ಹತ್ತಿರ ಜನರ ನಡುವೆಯೇ ನಿಂತು ತಿಂದೆವು. ಬೀಜವನ್ನು ಬಾಚಿಹಲ್ಲಿಗೆ ಕೊಟ್ಟು ಕಟಕ್ಕನೆ ಎರಡು ಹೋಳು ಮಾಡುವುದು, ಅದೊಂದೇ ಆಟವನ್ನು ಅರ್ಧ ಸೇರು ಮುಗಿಯುವ ತನಕ ಆಡಿದೆ. ಗೆಳತಿ ನನ್ನನ್ನೇ ನೋಡುತ್ತಿದ್ದಳು.

'ತುಟಿ ಹತ್ರ ಸಿಪ್ಪೆ ಅಂಟಿದೆ ಕಣೇ, ಎಡಗಡೆ.'

ಒರೆಸಿಕೊಂಡೆ.

'ಇನ್ನೂ ಇದೆ' ಅಂದಳು.